ಇಲ್ಲದ ಸಿನಿಮಾಕ್ಕೊಂದು ಟ್ರೈಲರ್

“ಅಮ್ಮ, ನಗಬೇಡ. ನಿನಗೀಗ ಕೋಪ ಬಂದಿದೆ,” ಎಂದಳು ಬ್ರಯೊನಿ, ಕ್ಯಾಮೆರಾದ ಹಿಂದಿನಿಂದ.

“ಬಂದಿದೆ ಕಣೇ, ಬಂದಿದೆ. ಇವನ ಮುಖ ನೋಡಿದ ತಕ್ಷಣ ಹೊರಟೋಗುತ್ತೆ, ನಾನೇನು ಮಾಡ್ಲಿ?” ಗೇನರ್ ಕೈಗವಸಿನಿಂದ ಬಾಯಿ ಮುಚ್ಚಿಕೊಂಡಳು. ಹಳದಿ ಮಳೆಕೋಟಿನೊಳಗೆ ಅವಳ ಭುಜಗಳು ಇನ್ನೂ ಕುಲುಕುತ್ತಿದ್ದವು. “ಕೀತ್, ನಿಜ ಹೇಳು. ಮೂರು ವರ್ಷದಿಂದ ಈ ಮುಖಾನ ಎಲ್ಲಿ ಬಚ್ಚಿಟ್ಟಿದ್ದೆ?”

“ಗಡ್ಡದ ಕೆಳಗೆ,” ಎಂದ ಕೀತ್ ಗಂಭೀರವಾಗಿ. “ಅಲ್ಲೇ ಇತ್ತು. ಯಾರೂ ಹುಡುಕಲಿಲ್ಲ.”

ಗೇನರ್‌ಗೆ ಮತ್ತೆ ನಗು ಒತ್ತರಿಸಿಕೊಂಡು ಬಂತು. ಬ್ರಯೊನಿ ಗುಂಡಿ ಒತ್ತಿ ಕ್ಯಾಮೆರಾ ನಿಲ್ಲಿಸಿದಳು. ಬೆಳಗಿನಿಂದ ಇದು ಏಳನೇ ಸಲ.

ಥಾರ್ನ್‌ಸೀ ಊರಿನ ಕಡಲದಂಡೆಯ ರಸ್ತೆಯಲ್ಲಿ, ಬಸ್ಸಿಗೆ ಕಾಯುವವರಿಗೆಂದು ಕಟ್ಟಿಸಿದ ಹಸಿರು ಬಣ್ಣದ ತಂಗುದಾಣದೊಳಗೆ ಅವರು ಮೂವರೇ ಇದ್ದರು. ನಸುಕಿನಲ್ಲೇ ಸಮುದ್ರದಿಂದ ಎದ್ದು ಬಂದ ಮಂಜು ಊರನ್ನು ಒಂದೊಂದಾಗಿ ಒರೆಸಿಹಾಕಿತ್ತು. ಮೊದಲು ಅಲೆ, ಆಮೇಲೆ ಮರಳು, ಆಮೇಲೆ ಕಬ್ಬಿಣದ ಕಟಕಟೆ, ಕೊನೆಗೆ ಎದುರು ಸಾಲಿನ ಐಸ್‌ಕ್ರೀಮ್ ಅಂಗಡಿಗಳು. ಫೆಬ್ರವರಿಯಾದ್ದರಿಂದ ಅಂಗಡಿಗಳು ಹೇಗೂ ಬಾಗಿಲು ಹಾಕಿದ್ದವು. ಸಮುದ್ರ ಕಾಣಿಸುತ್ತಿರಲಿಲ್ಲ, ಅದು ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು. ಬೆಳಕು ಎಲ್ಲಿಂದ ಬರುತ್ತಿದೆಯೆಂದು ಹೇಳುವಂತಿರಲಿಲ್ಲ. ಹಾಲಿನೊಳಗೆ ದೀಪ ಹಚ್ಚಿಟ್ಟ ಹಾಗೆ ಎಲ್ಲ ಕಡೆಯೂ ಒಂದೇ ಸಮನಾಗಿ ಹರಡಿತ್ತು. ಹೀಗೊಂದು ಬೆಳಗು ಮತ್ತೆ ಸಿಕ್ಕುವುದಿಲ್ಲವೆಂದು ಬ್ರಯೊನಿಗೆ ಗೊತ್ತಿತ್ತು. ಮಂಜು ಕರಗುವುದರೊಳಗೆ ಅವಳಿಗೊಂದು ಜಗಳ ಬೇಕಾಗಿತ್ತು.

ಕಾಲೇಜಿನಲ್ಲಿ ಎರಡನೇ ವರ್ಷದ ಮೀಡಿಯಾ ವಿದ್ಯಾರ್ಥಿಗಳೆಲ್ಲ ಪ್ರತಿವರ್ಷ ಮಾಡುವ ಕೆಲಸ ಅದು. ಎರಡು ನಿಮಿಷದ ಟ್ರೈಲರ್ ಒಂದು, ಗೋಡೆಗೆ ಅಂಟಿಸುವ ಪೋಸ್ಟರ್ ಒಂದು, ಸಿನಿಮಾ ಪತ್ರಿಕೆಯ ಮುಖಪುಟ ಒಂದು. ಮೂರೂ ಒಡಹುಟ್ಟಿದವರ ಹಾಗೆ ಕಾಣಬೇಕು. ಅದೇ ಬಣ್ಣ, ಅದೇ ಅಕ್ಷರ, ಅದೇ ಮುಖ. ಸಿನಿಮಾ ಮಾತ್ರ ಬೇಕಾಗಿಲ್ಲ. ಅದನ್ನು ಯಾರೂ ಮಾಡುವುದಿಲ್ಲ. ಊರಿನವರಿಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಹಿಂದಿನ ವರ್ಷ ಯಾರೋ ಹುಡುಗರು ತಮ್ಮ ಪೋಸ್ಟರನ್ನು ಮೀನು ಕರಿಯುವ ಅಂಗಡಿಯ ಕಿಟಕಿಗೆ ಅಂಟಿಸಿದ್ದರು. ಅದರ ಕೆಳಗೆ ‘ಶೀಘ್ರದಲ್ಲೇ’ ಎಂದಿದ್ದುದನ್ನು ನಂಬಿ ಇಬ್ಬರು ಅಜ್ಜಿಯರು ಈಸ್ಟರ್ ಹಬ್ಬದವರೆಗೂ ಕಾದಿದ್ದರಂತೆ.

ಬ್ರಯೊನಿಯ ಇಲ್ಲದ ಸಿನಿಮಾದ ಹೆಸರು ‘ಇಳಿತದ ನಂತರ’. ಒಬ್ಬ ಗಂಡಸು, ಒಬ್ಬ ಹೆಂಗಸು. ಸಮುದ್ರದ ಹತ್ತಿರ ಭೇಟಿಯಾಗುತ್ತಾರೆ, ಕುಣಿಯುತ್ತಾರೆ, ಜಗಳವಾಡುತ್ತಾರೆ, ದೂರವಾಗುತ್ತಾರೆ. ಕೊನೆಯಲ್ಲಿ ಹೆಂಗಸು ಹಳದಿ ಕೋಟು ತೊಟ್ಟು ನೀರಿನ ಕಡೆ ಮುಖ ಮಾಡಿ ನಿಂತಿರುತ್ತಾಳೆ. ಹಿಂದಿನಿಂದ ಹೆಜ್ಜೆಯ ಸದ್ದು. ಅವಳು ತಿರುಗುತ್ತಾಳೆ. ಅಷ್ಟರಲ್ಲಿ ಪರದೆ ಕಪ್ಪಾಗಿ ಸಿನಿಮಾದ ಹೆಸರು ಮೂಡುತ್ತದೆ. ಬಂದವರು ಯಾರೆಂದು ತೋರಿಸುವುದಿಲ್ಲ. ಟ್ರೈಲರಿನಲ್ಲಿ ಕೊನೆಯನ್ನು ಬಿಟ್ಟುಕೊಡಬಾರದೆಂಬುದು ಮಿಸ್ಟರ್ ಹೆಬ್ಬಲ್‌ವೈಟ್ ಹೇಳಿಕೊಟ್ಟ ಮೊದಲ ಪಾಠ. ಹಾಗಾಗಿ ಬ್ರಯೊನಿ ಕೊನೆಯನ್ನು ಬರೆದೇ ಇರಲಿಲ್ಲ. ಆದರೆ ಬಂದವರು ಯಾರೆಂದು ಅವಳಿಗೆ ಗೊತ್ತಿತ್ತು.

ಮೊದಲು ನಟಿಸಬೇಕಾಗಿದ್ದವರು ಅವಳ ತರಗತಿಯ ಒಂದು ಜೋಡಿ. ಚಿತ್ರೀಕರಣಕ್ಕೆ ನಾಲ್ಕು ದಿನ ಮುಂಚೆ ಕಾಲೇಜಿನ ಕ್ಯಾಂಟೀನಿನಲ್ಲಿ ಎಲ್ಲರೆದುರಿಗೆ ಜಗಳವಾಡಿ ಅವರು ತಮ್ಮ ಕಥೆಯನ್ನು ತಾವೇ ಮುಗಿಸಿಕೊಂಡರು. “ಮನೆಯವರನ್ನೇ ಕೇಳು. ಮನೆಯವರು ಬಿಟ್ಟು ಹೋಗೋದಿಲ್ಲ,” ಎಂದರು ಮಿಸ್ಟರ್ ಹೆಬ್ಬಲ್‌ವೈಟ್. ಹೇಳಿದ ಮೇಲೆ ಅವರಿಗೇ ನೆನಪಾಗಿ ಕಿವಿ ಕೆಂಪಾಯಿತು.

ಬ್ರಯೊನಿಯ ತಂದೆ ಕೀತ್ ಸ್ಟಾಥರ್ ಕಡಲದಂಡೆಯ ಆಟದಂಗಡಿಯ, ಕಾಸು ಹಾಕಿ ಆಡುವ ಯಂತ್ರಗಳನ್ನು ರಿಪೇರಿ ಮಾಡುತ್ತ, ಅದರ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬನೇ ಇದ್ದ. ತಾಯಿ ಗೇನರ್ ಹಲ್ಲಿನ ಡಾಕ್ಟರರ ಶಾಪಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ ಮಾಡುತ್ತಿದ್ದಳು. ಬೇರೆಯಾಗಿ ಮೂರು ವರ್ಷವಾಗಿತ್ತು. ಬ್ರಯೊನಿ ಬುಧವಾರ ಮತ್ತು ಭಾನುವಾರ ಅಪ್ಪನಲ್ಲಿಗೆ ಹೋಗುತ್ತಿದ್ದಳು. ಗೇಟಿನ ಹತ್ತಿರ ಇಬ್ಬರ ನಡುವೆ ಮಾತಾಗುತ್ತಿದ್ದುದೆಲ್ಲ “ಅವಳಿಗೆ ಕೆಮ್ಮಿದೆ”, “ಸರಿ” ಎಂಬಷ್ಟೆ. ಅವಳು ಅಪ್ಪನಿಗೆ ಅಮ್ಮ ಬರುತ್ತಾಳೆಂದು ಹೇಳಲಿಲ್ಲ. ಅಮ್ಮನಿಗೆ ಅಪ್ಪ ಬರುತ್ತಾನೆಂದೂ ಹೇಳಲಿಲ್ಲ.

ಮೊದಲನೇ ಶನಿವಾರ ಬ್ಯಾಂಡು ಬಾರಿಸುವ ಕಟ್ಟೆಯ ಹತ್ತಿರ ಇಬ್ಬರೂ ಎರಡು ಕಡೆಯಿಂದ ಬಂದರು. ಗೇನರ್ “ಓ” ಎಂದಳು. ಕೀತ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಯಾರೂ ತಿರುಗಿ ಹೋಗಲಿಲ್ಲ. “ಮಾರ್ಕ್ಸಿಗಲ್ವಾ,” ಎಂದಳು ಗೇನರ್ ಕೊನೆಗೆ, “ಬಾ, ಎಲ್ಲಿ ನಿಂತ್ಕೋಬೇಕು ಹೇಳು.” ಟ್ರೈಲರಿಗೆ ಬೇಕಾಗಿದ್ದುದು ನಾಲ್ಕು ಸೆಕೆಂಡು ಕುಣಿತ. ಬ್ರಯೊನಿ ನಿಲ್ಲಿಸಿ ಎನ್ನಲಿಲ್ಲ. ಅವರು ಹನ್ನೊಂದು ಸೆಕೆಂಡು ಕುಣಿದರು.

ಆ ಹನ್ನೊಂದು ಸೆಕೆಂಡನ್ನು ಅವಳು ಕಂಪ್ಯೂಟರಿನಲ್ಲಿ ಎಷ್ಟು ಸಲ ನೋಡಿದ್ದಳೋ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಇಬ್ಬರೂ ನೀರಿನೊಳಗೆ ಕುಣಿಯುತ್ತಿರುವ ಹಾಗೆ ಕಾಣುತ್ತಿತ್ತು. ಹಳದಿ ಕೋಟಿನ ಅಂಚು ಮೆಲ್ಲನೆ ಏಳುತ್ತಿತ್ತು, ಮೆಲ್ಲನೆ ಇಳಿಯುತ್ತಿತ್ತು. ಅಮ್ಮನ ಮುಖಕ್ಕೆ ನಗು ದೂರದ ಊರಿನಿಂದ ನಡೆದುಕೊಂಡು ಬಂದ ಹಾಗೆ ಬರುತ್ತಿತ್ತು. ಅಪ್ಪನ ಗಡ್ಡದ ಮೇಲೆ ಸಣ್ಣ ಹನಿಗಳು. ಅವಳು ನೋಡುತ್ತ ನೋಡುತ್ತ, ಮುಂದಿನದೆಲ್ಲವನ್ನೂ ನೋಡುತ್ತಿದ್ದಳು. ಅಪ್ಪನ ಸಲಕರಣೆಯ ಪೆಟ್ಟಿಗೆ ಮತ್ತೆ ಮೆಟ್ಟಿಲ ಕೆಳಗೆ. ಭಾನುವಾರದ ಹುರಿದ ಮಾಂಸದೂಟ ಒಂದೇ ಮೇಜಿನಲ್ಲಿ. ಮೂರು ತಟ್ಟೆ. ಇಲ್ಲದ ಸಿನಿಮಾದ ಉಳಿದ ಭಾಗವೆಲ್ಲ ಅವಳ ತಲೆಯೊಳಗೆ ದಿನಕ್ಕೊಂದಿಷ್ಟು ಓಡುತ್ತಿತ್ತು.

ಗುರುವಾರ ಮಿಸ್ಟರ್ ಹೆಬ್ಬಲ್‌ವೈಟ್ ಅವಳ ಟ್ರೈಲರನ್ನು ಎರಡು ಸಲ ನೋಡಿ ಕನ್ನಡಕ ತೆಗೆದರು.

“ಚೆನ್ನಾಗಿದೆ. ಬಣ್ಣ ಚೆನ್ನಾಗಿದೆ, ಮುಖಪುಟಾನೂ ಹೊಂದುತ್ತೆ. ಆದ್ರೆ ಜಗಳ ಎಲ್ಲಮ್ಮಾ? ಎಲ್ಲರೂ ಸುಖವಾಗಿದ್ದಾರೆ. ಸುಖವಾಗಿರೋರನ್ನ ನೋಡೋಕೆ ಚಳೀಲಿ ಕೋಟು ಹಾಕ್ಕೊಂಡು ಯಾರು ಥಿಯೇಟರಿಗೆ ಬರ್ತಾರೆ?”

“ತೆಗೀತೀನಿ ಸರ್. ಶನಿವಾರ.”

“ಸೋಮವಾರ ಕೊನೆ ದಿನ. ನೆನಪಿರಲಿ.” ಆಮೇಲೆ ಮೇಜಿನ ಖಾನೆ ತೆಗೆದು, ಬೂದುಬಣ್ಣದ ಉಣ್ಣೆಯ ಕಾಲುಚೀಲವೊಂದನ್ನು ಅವಳ ಕೈಗಿಟ್ಟರು. ಒಳಗೆ ಏನೋ ಗಟ್ಟಿಯಾಗಿತ್ತು. “ನನ್ನ ಸ್ವಂತ ಬ್ಯಾಟರಿ. ಚಳಿಗೆ ಬೇಗ ಸಾಯುತ್ತೆ, ಕಾಲುಚೀಲದಲ್ಲೇ ಇಟ್ಕೋ. ಒಗೆದದ್ದೇ, ಹೆದರಬೇಡ.”

ಈಗ ಆ ಶನಿವಾರ ಬಂದಿತ್ತು, ಕೀತ್ ಗಡ್ಡ ಬೋಳಿಸಿಕೊಂಡು ಬಂದಿದ್ದ.

ಮಂಜಿನಿಂದ ಹೊರಬಂದ ಅವನನ್ನು ಮೊದಲು ಯಾರೋ ಬೇರೆಯವರೆಂದೇ ಬ್ರಯೊನಿ ತಿಳಿದಿದ್ದಳು. ಗುರುತು ಸಿಕ್ಕಿದಾಗ ಮೊದಲು ನೆನಪಾದದ್ದು ಟ್ರೈಲರ್. ಎರಡು ಶನಿವಾರ ಗಡ್ಡವಿದ್ದ ಮನುಷ್ಯ ಜಗಳದ ದೃಶ್ಯದಲ್ಲಿ ಮಾತ್ರ ಗಡ್ಡವಿಲ್ಲದೆ ನಿಂತರೆ ಹೇಗೆ? ನೋಡುವವರು ಕಥೆ ಬಿಟ್ಟು ಕೆನ್ನೆ ನೋಡುತ್ತಾರೆ. “ಅಪ್ಪ, ಇನ್ನೊಂದು ವಾರ ತಡಕೊಳ್ಳೋಕೆ ಆಗ್ತಿರಲಿಲ್ವಾ?” ಎಂದು ಅಳುವ ಧ್ವನಿಯಲ್ಲೇ ಕೇಳಿದಳು. “ಬೇಸಿಗೆ ಬರ್ತಿದೆಯಲ್ಲ,” ಎಂದ ಕೀತ್, ಬಾಯಿಯಿಂದ ಹೊಗೆಯಂಥ ಉಸಿರು ಬಿಡುತ್ತ. ಆಮೇಲೆ ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ನಗುತ್ತಿದ್ದಳು. ಹನ್ನೊಂದು ಸೆಕೆಂಡಿನ ಅದೇ ನಗು, ಈ ಸಲ ಪೂರ್ತಿ ವೇಗದಲ್ಲಿ. ಮೂರು ವರ್ಷ ಬೆಳೆಸಿದ ಗಡ್ಡವನ್ನು ಇವತ್ತೇ ಯಾಕೆ ತೆಗೆದ ಎಂಬುದಕ್ಕೆ ಬ್ರಯೊನಿಗೆ ಒಂದೇ ಉತ್ತರ ಹೊಳೆಯಿತು. ಟ್ರೈಲರ್ ಹಾಳಾದರೂ ಆಗಲಿ ಎನ್ನಿಸಿತು ಒಂದು ಗಳಿಗೆ.

“ಇಲ್ಲಿ ಬಾ,” ಎಂದಳು ಗೇನರ್ ಈಗ, ನಗು ಒರೆಸಿಕೊಂಡು. ತನ್ನ ಕೊರಳಿನ ಕಂದು ಸ್ಕಾರ್ಫು ಬಿಚ್ಚಿ ಕೀತ್‌ನ ಕೊರಳಿಗೆ ಎರಡು ಸುತ್ತು ಸುತ್ತಿ, ಮೂಗಿನ ತನಕ ಎಳೆದು, ಹಿಂದೆ ಗಂಟು ಹಾಕಿದಳು. “ಹ್ಞಾ. ಈಗ ಗಡ್ಡ ಇದ್ರೇನು, ಇಲ್ದಿದ್ರೇನು. ಬರೀ ಕಣ್ಣು. ಕಣ್ಣಲ್ಲೇ ಕೋಪ ಮಾಡ್ಕೋ.”

“ಬ್ಯಾಂಕು ದೋಚೋನ ಹಾಗೆ ಕಾಣ್ತೀನಿ,” ಎಂದ ಕೀತ್ ಸ್ಕಾರ್ಫಿನೊಳಗಿಂದ.

“ಈ ಊರಲ್ಲಿ ಬ್ಯಾಂಕು ಮುಚ್ಚಿ ಎರಡು ವರ್ಷ ಆಯ್ತು. ನಿಂತ್ಕೋ ಸುಮ್ನೆ.”

ಗಂಟು ಹಾಕುವಾಗ ಅಮ್ಮನ ಬೆರಳು ಅಪ್ಪನ ಕೂದಲನ್ನು ಬದಿಗೆ ಸರಿಸಿದ್ದನ್ನು ಬ್ರಯೊನಿ ಕಣ್ಣಿನಲ್ಲೇ ಹಿಡಿದಿಟ್ಟುಕೊಂಡಳು. ಕ್ಯಾಮೆರಾ ನಿಂತಿತ್ತಲ್ಲ ಎಂದು ಸಂಕಟವಾಯಿತು.

ಎಂಟನೇ ಸಲ ಇಬ್ಬರೂ ನಗಲಿಲ್ಲ. “ನೀನು ಯಾವತ್ತೂ ನನ್ನ ಜೊತೆ ಇರಲೇ ಇಲ್ಲ!” ಎಂದು ಗೇನರ್ ಬರೆದುಕೊಟ್ಟ ಮಾತನ್ನು ಒಪ್ಪಿಸಿದಳು. ಹಲ್ಲಿನ ಡಾಕ್ಟರು ಊಟಕ್ಕೆ ಹೋಗಿದ್ದಾರೆ ಎಂದು ಹೇಳುವ ಧ್ವನಿಯಲ್ಲಿ. “ಇದ್ದೆ! ನೀನು ನೋಡಲಿಲ್ಲ!” ಎಂದ ಕೀತ್.

“ಇನ್ನೂ ಮುಗಿದಿಲ್ವೇನ್ರೋ ನಿಮ್ಮಿಬ್ಬರದು?”

ಮಂಜಿನೊಳಗಿಂದ ಗಾಲಿಗಳ ಮೇಲಿನ ತಳ್ಳುಚೀಲವೊಂದು, ಅದರ ಹಿಂದೆ ಮಿಸೆಸ್ ಡ್ರ್ಯೂರಿ ಪ್ರತ್ಯಕ್ಷರಾದರು. ಎಂಬತ್ತು ದಾಟಿದ ಹೆಂಗಸು; ಅಂಚೆ ಕಚೇರಿಯ ಕಿಟಕಿಯ ಹಿಂದೆ ನಲವತ್ತು ವರ್ಷ ಕೂತು ಊರಿನ ಎಲ್ಲರ ವಿಷಯವನ್ನೂ ತಿಳಿದುಕೊಂಡಿದ್ದವರು. “ಮೂರು ವರ್ಷ ಆಯ್ತು, ಒಳ್ಳೆ ಬುದ್ಧಿ ಬಂದಿರುತ್ತೆ ಅಂದ್ಕೊಂಡಿದ್ದೆ. ಅದೂ ಮಗು ಎದುರಿಗೆ! ಕೀತ್, ಮುಖ ಮುಚ್ಕೊಂಡ್ರೆ ನನಗೆ ಗೊತ್ತಾಗಲ್ವಾ?”

“ಇದು ನಾಟಕ, ಮಿಸೆಸ್ ಡ್ರ್ಯೂರಿ. ಬ್ರಯೊನಿ ಕಾಲೇಜಿಗೆ,” ಎಂದಳು ಗೇನರ್.

“ನಾಟಕಾನಾ? ಅದಕ್ಕೇ ಇಷ್ಟು ಕೆಟ್ಟದಾಗಿದೆ. ನೀವು ನಿಜವಾಗ್ಲೂ ಜಗಳ ಆಡಿದ್ದನ್ನ ನಾನು ಕೇಳಿದೀನಿ, ಅದು ಎಷ್ಟೋ ಚೆನ್ನಾಗಿತ್ತು.” ಅವರು ಬೆಂಚಿನ ತುದಿಯಲ್ಲಿ ಕೂತು, ಚೀಲದಿಂದ ಪೆಪ್ಪರ್‌ಮಿಂಟಿನ ಪೊಟ್ಟಣ ತೆಗೆದು ಮೂವರಿಗೂ ಒಂದೊಂದು ಹಂಚಿದರು. ಬ್ರಯೊನಿಗೆ ಎರಡು. “ಸಿನಿಮಾ ಯಾವಾಗ ಬರುತ್ತೆ?”

“ಬರಲ್ಲ. ಬರೀ ಟ್ರೈಲರ್ ಮಾತ್ರ.”

“ಹಾಗಂದ್ರೆ, ಕೊನೇಲಿ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ವಾ?”

“ಇಲ್ಲ.”

“ಪಾಪ,” ಎಂದರು ಮಿಸೆಸ್ ಡ್ರ್ಯೂರಿ. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಹಳ್ಳಿಗಳ ಕಡೆಗೆ ಹೋಗುವ ಸಣ್ಣ ಬಸ್ಸು ಬಂದಾಗ ಕೀತ್ ಅವರ ತಳ್ಳುಚೀಲವನ್ನು ಎತ್ತಿ ಒಳಗಿಟ್ಟು ಬಂದ.

ಅವನು ಬರುವಷ್ಟರಲ್ಲಿ ಬ್ರಯೊನಿಯ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತ್ತು. ನಿಜವಾಗಿ ಜಗಳವಾಡಿದ್ದು ಎಷ್ಟೋ ಚೆನ್ನಾಗಿತ್ತು. ಅದನ್ನು ಅವಳೂ ಕೇಳಿದ್ದಳು. ಹದಿನಾಲ್ಕು ವರ್ಷದವಳು, ಒದ್ದೆ ತಲೆಯಲ್ಲಿ, ಮೆಟ್ಟಿಲಿನ ಮೇಲೆ ಕೂತು. ಆ ಜಗಳದ ಕೀಲಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಒಂದೇ ಪ್ರಶ್ನೆ ಸಾಕು. ಕೇಳಿದರೆ ಟ್ರೈಲರಿಗೆ ಬೇಕಾದ್ದು ಸಿಗುತ್ತದೆ. ಆದರೆ ಸ್ಕಾರ್ಫು ಸುತ್ತಿದ ಕೈ, ನಗು, ಬೋಳಿಸಿದ ಕೆನ್ನೆ, ಎರಡು ಶನಿವಾರಗಳಿಂದ ಅವಳು ಉಸಿರು ಬಿಗಿಹಿಡಿದು ಕಟ್ಟಿದ್ದೆಲ್ಲ ಹೋದರೂ ಹೋಗಬಹುದು. ಮಂಜಿನ ಒಂದು ಮೂಲೆ ಆಗಲೇ ತೆಳ್ಳಗಾಗುತ್ತಿತ್ತು. ಕಟಕಟೆಯ ಒಂದೆರಡು ಕಂಬಿಗಳು ಮಸುಕಾಗಿ ಮೂಡಿದ್ದವು.

ಅವಳು ಕಾಲುಚೀಲದಿಂದ ಬ್ಯಾಟರಿ ತೆಗೆದು ಬದಲಾಯಿಸಿದಳು. ಕ್ಯಾಮೆರಾದ ಕೆಂಪು ದೀಪ ಹೊತ್ತಿಕೊಂಡಿತು.

“ಬರೆದ ಮಾತು ಬೇಡ,” ಎಂದಳು. “ನಾನೊಂದು ಕೇಳ್ತೀನಿ. ಅವತ್ತು ನನ್ನನ್ನ ಈಜುಕೊಳದಿಂದ ಕರ್ಕೊಂಡು ಬರಬೇಕಾಗಿದ್ದೋರು ಯಾರು?”

ಗೇನರ್‌ಳ ಮುಖದಿಂದ ಎಲ್ಲವೂ ಇಳಿದುಹೋಯಿತು. ಅವಳು ಸಮುದ್ರ ಇರಬೇಕಾದ ಕಡೆಗೆ ತಿರುಗಿದಳು. ಕೀತ್ ಸ್ಕಾರ್ಫನ್ನು ಕೆಳಗೆ ಎಳೆದ. ಅವನ ಬೆರಳುಗಳು ಮುಖದ ಮೇಲೆ ಇಲ್ಲದ ಗಡ್ಡವನ್ನು ತಡಕಿದವು, ಸಿಗದೆ ಅಲ್ಲೇ ನಿಂತವು. ಇಬ್ಬರ ಉಸಿರೂ ಬಿಳಿಯಾಗಿ ಹೊರಬಂದು ಎರಡು ಕಡೆಗೆ ಹೋಯಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಬೇಕಾದ್ದು ಸಿಕ್ಕಿತೆಂದು ಬ್ರಯೊನಿಗೆ ಗೊತ್ತಾಯಿತು. ಸಂತೋಷವಾಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

“ನಾನು,” ಎಂದಳು ಗೇನರ್.

“ನಾನು,” ಎಂದ ಕೀತ್, ಅದೇ ಕ್ಷಣದಲ್ಲಿ.

ಮೂರು ವರ್ಷದ ಹಿಂದೆ ಇಬ್ಬರೂ ಹೇಳಿದ್ದು ‘ನೀನು’ ಎಂದು. ಅದನ್ನೇ ಮನೆಯ ಗೋಡೆಗಳು ಅದುರುವ ಹಾಗೆ ಹೇಳಿದ್ದರು.

“ಇಲ್ಲ ಕೀತ್, ಗುರುವಾರದ ಸರದಿ ನಂದೇ ಆಗಿತ್ತು. ನಾನು ಡೈರಿ ನೋಡ್ದೆ ಆಮೇಲೆ. ಹೇಳಲಿಲ್ಲ.”

“ನೀನು ಬೆಳಗ್ಗೆ ಫೋನು ಮಾಡಿ ನನಗೇ ಹೋಗೋಕೆ ಹೇಳಿದ್ದೆ ಗೇನರ್. ನಾನು ಹ್ಞೂ ಅಂದಿದ್ದೆ. ಯಾವುದೋ ಯಂತ್ರದೊಳಗೆ ತಲೆ ಹಾಕ್ಕೊಂಡು ಹ್ಞೂ ಅಂದು ಮರೆತೆ. ನಾನೂ ಹೇಳಲಿಲ್ಲ.”

“ನಾನು ಫೋನು ಮಾಡಿದ್ನಾ?”

“ಮಾಡಿದ್ದೆ.”

“ಹಾಗಾದ್ರೆ ಮೂರು ವರ್ಷದಿಂದ ನಾನು ಸುಮ್ನೆ...” ಗೇನರ್ ಬೆಂಚಿನ ಮೇಲೆ ಕೂತಳು. ಕೀತ್ ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದ.

ಬ್ರಯೊನಿ ಯಾವಾಗ ಕ್ಯಾಮೆರಾದ ಹಿಂದಿನಿಂದ ಈಚೆ ಬಂದಳೋ ಅವಳಿಗೇ ತಿಳಿಯಲಿಲ್ಲ. “ನನ್ನ ಹತ್ರ ಚಿಲ್ಲರೆ ಇತ್ತು,” ಎಂದಳು. “ಅಲ್ಲಿ ಫೋನ್ ಇತ್ತು. ಮಾಡಬಹುದಾಗಿತ್ತು. ಮಾಡಲಿಲ್ಲ. ಯಾರು ಬರ್ತೀರ ನೋಡೋಣ ಅಂತ ಕೂತಿದ್ದೆ. ಎರಡು ಗಂಟೆ. ಫೋನ್ ಮಾಡಿದ್ರೆ ನೀವು ಅವತ್ತು ಜಗಳ ಆಡ್ತಿರಲಿಲ್ಲ.”

ಇಬ್ಬರೂ ಅವಳನ್ನೇ ನೋಡಿದರು. ಗೇನರ್ ಕೈಚಾಚಿ ಅವಳ ಕೋಟಿನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಪೆಪ್ಪರ್‌ಮಿಂಟಿನ ವಾಸನೆ ಬಂತು.

“ಇದನ್ನ ಹೊತ್ಕೊಂಡೇ ಓಡಾಡ್ತಿದ್ಯಾ ಇಷ್ಟು ದಿನ? ಕೇಳಿಲ್ಲಿ. ಅವತ್ತಿನ ಹಿಂದಿನ ದಿನ ಜಗಳ ಆಡಿದ್ವಿ, ಬಾತ್‌ರೂಮಿನ ಬಣ್ಣಕ್ಕೆ. ಅದರ ಹಿಂದಿನ ದಿನ ಯಾತಕ್ಕೆ, ಕೀತ್?”

“ಟೋಸ್ಟಿಗೆ.”

“ಟೋಸ್ಟಿಗೆ. ಪಿಸುಮಾತಲ್ಲೇ ಜಗಳ ಆಡ್ತಿದ್ವಿ, ನೀನು ಮಲಗಿದೀಯ ಅಂತ. ಅವತ್ತು ನಿನಗೆ ಕೇಳಿಸ್ತು, ಅಷ್ಟೆ. ಅವತ್ತು ಶುರುವಾಗಿದ್ದಲ್ಲ ಕಣೇ ಅದು.”

ಬ್ರಯೊನಿ ಮೂಗೊರೆಸಿಕೊಂಡಳು. “ಈಗ ಜಗಳ ಇಲ್ವಲ್ಲ,” ಎಂದಳು ಬಹಳ ಸಣ್ಣ ಧ್ವನಿಯಲ್ಲಿ. “ಈಗ ಕುಣಿದ್ರಿ. ಅಪ್ಪ ಗಡ್ಡ ಕೂಡ ತೆಗೆದ.”

ಕೀತ್ ಬೂಟಿನ ತುದಿಯನ್ನು ನೋಡಿಕೊಂಡ. “ಅದು ಬೇರೆ,” ಎಂದ. “ಹೇಳಬಾರದು ಅಂದ್ಕೊಂಡಿದ್ದೆ, ಏಣಿ ಪರೀಕ್ಷೆ ಪಾಸಾಗೋವರೆಗೂ. ಅಗ್ನಿಶಾಮಕದವರ ಹತ್ರ ಹೆಸರು ಕೊಟ್ಟಿದೀನಿ. ಬೇಕಾದಾಗ ಕರೀತಾರಲ್ಲ, ಆ ಪಡೆ. ಮುಖಕ್ಕೆ ಹಾಕೋ ಗಾಳಿಯ ಮುಸುಕು ಗಡ್ಡ ಇದ್ರೆ ಸರಿಯಾಗಿ ಕೂರಲ್ಲ, ಹೊಗೆ ಒಳಗೆ ಬರುತ್ತೆ. ಗುರುವಾರ ಬೋಳಿಸ್ದೆ.”

“ನೀನಾ?” ಎಂದಳು ಗೇನರ್. “ಟೋಸ್ಟ್ ಕರಕಲಾದ್ರೆ ಹೊರಗೆ ಓಡ್ತಿದ್ದವನು?”

“ಅದಕ್ಕೇ. ಈಗ ಒಳಗೆ ಹೋಗೋದು ಹೇಳ್ಕೊಡ್ತಾರೆ.”

ಗೇನರ್ ಅವನನ್ನು ತುಸು ಹೊತ್ತು ನೋಡಿದಳು. ಪರಿಚಯದವರ ಮಗ ದೊಡ್ಡ ಪರೀಕ್ಷೆ ಕಟ್ಟಿದನೆಂದು ಕೇಳಿದಾಗ ನೋಡುವ ಹಾಗೆ, ಮೆಚ್ಚಿಗೆಯಿಂದ, ಕಾಳಜಿಯಿಂದ. ಆ ನೋಟವನ್ನು ಬ್ರಯೊನಿಯೂ ನೋಡಿದಳು. ನಿಧಾನ ಮಾಡಿ ನೋಡಬೇಕಾಗಿರಲಿಲ್ಲ. ಅದರಲ್ಲಿ ಇದ್ದದ್ದೆಲ್ಲ ಮೇಲೆಯೇ ಇತ್ತು.

“ನಿನ್ನ ಸಿನಿಮಾದ ಕೊನೇಲಿ ನನ್ನ ಹಿಂದೆ ಯಾರೋ ಬರ್ತಾರಲ್ಲ,” ಎಂದಳು ಗೇನರ್, ಮಗಳ ಕೈಯನ್ನು ತನ್ನ ಕೈಗವಸಿನೊಳಗೆ ತೂರಿಸಿಕೊಂಡು. “ಅದ್ಯಾರು ಅಂತ ನನಗೆ ಮೊದಲ್ನೇ ಶನಿವಾರಾನೇ ಗೊತ್ತಾಯ್ತು. ನಿಮ್ಮಪ್ಪಂಗೂ ಗೊತ್ತಾಯ್ತು. ಆಮೇಲೆ ಫೋನಲ್ಲಿ ಮಾತಾಡ್ಕೊಂಡ್ವಿ, ಹೋಗೋದಾ ಬೇಡ್ವಾ ಅಂತ. ಹೋಗೋಣ, ಮಗು ಕೆಲಸ ನಿಲ್ಲಬಾರ್ದು ಅಂದ್ವಿ. ಹೇಳೋಕೆ ಧೈರ್ಯ ಬರಲಿಲ್ಲ.” ಉಸಿರೆಳೆದುಕೊಂಡಳು. “ಅವನಲ್ಲ, ಮಗಳೇ.”

ಸಮುದ್ರ ಒಂದು ಸಲ ಉಸಿರು ಬಿಟ್ಟು ಮತ್ತೆ ಒಳಗೆಳೆದುಕೊಂಡಿತು.

“ನಾಯಿ ಇರಬಹುದು,” ಎಂದ ಕೀತ್. “ಹೆಜ್ಜೆ ಸದ್ದು ತಾನೇ. ಒಳ್ಳೆ ದೊಡ್ಡ ನಾಯಿ.”

“ನಾಲ್ಕು ಕಾಲಿನ ಸದ್ದು ಬೇರೆ ಥರ ಇರುತ್ತೆ, ಅಪ್ಪ,” ಎಂದಳು ಬ್ರಯೊನಿ. ಅಳುತ್ತಿದ್ದಳು, ಆದರೂ ಸರಿಯಾದ್ದನ್ನು ಹೇಳದೆ ಇರಲಾಗಲಿಲ್ಲ.

ಗೇನರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಮುಚ್ಚಳ ಒಂದೇ ಇದ್ದದ್ದರಿಂದ ಮೂವರೂ ಸರದಿಯಲ್ಲಿ ಕುಡಿದರು. ಅಷ್ಟು ಹೊತ್ತೂ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತು ಕೆಂಪು ಕಣ್ಣು ಬಿಟ್ಟುಕೊಂಡೇ ಇತ್ತು. ಅದು ನೆನಪಾಗಿ ಬ್ರಯೊನಿ ಎದ್ದು ಹೋಗಿ ಆರಿಸಿದಳು.

“ಪೋಸ್ಟರಿನ ಫೋಟೋ ಬಾಕಿ ಇದೆಯಲ್ಲ?” ಎಂದಳು ಗೇನರ್, ಮುಚ್ಚಳ ಒರೆಸುತ್ತ. “ನಮ್ಮಕ್ಕನ ಮನೆಗೆ ಹೋಗ್ಬೇಕು, ಬಸ್ಸು ಬರೋ ಹೊತ್ತಾಯ್ತು. ಹಣೆಗೆ ಹಣೆ ಹಚ್ಚಿ ನಿಲ್ಲಬೇಕು ಅಂದಿದ್ಯಲ್ಲ. ನಿಲ್ತೀವಿ ಬಾ. ನನಗೇನೂ ಬೇಜಾರಿಲ್ಲ.”

“ಹಲ್ಲುಜ್ಜಿದೀನಿ,” ಎಂದ ಕೀತ್.

ಆ ಚಿತ್ರವನ್ನು ಬ್ರಯೊನಿ ಎಂದೋ ಕಾಗದದ ಮೇಲೆ ಬರೆದಿಟ್ಟಿದ್ದಳು. ಎರಡು ಮುಖ, ಒಂದು ಹಣೆ, ಕೆಳಗೆ ಹಳದಿ ಅಕ್ಷರ. ಕೇಳಿದ್ದರೆ ಅವರು ನಿಲ್ಲುತ್ತಿದ್ದರು. ಅದು ಮಾರ್ಕ್ಸಿಗಾಗಿ ಅಲ್ಲ, ತನಗಾಗಿ ಎಂಬುದೂ ಅವಳಿಗೆ ಗೊತ್ತಿತ್ತು.

“ಬೇಡ,” ಎಂದಳು. “ಬಸ್ಸಿಗೆ ಕಾಯೋ ಹಾಗೆ ನಿಂತ್ಕೊಳ್ಳಿ. ನೀವು ಹೇಗೆ ನಿಂತ್ಕೋತೀರೋ ಹಾಗೆ.”

“ಅಷ್ಟೇನಾ?”

“ಅಷ್ಟೇ.”

ಅವರು ನಿಂತರು. ಗೇನರ್ ರಸ್ತೆಯ ಕಡೆ ನೋಡುತ್ತಿದ್ದಳು, ಕೀತ್ ಆಕಾಶದ ಕಡೆ. ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ಮಂಜು ಮಾತ್ರ ಇತ್ತು, ಬೆಳ್ಳಗೆ, ಶಾಂತವಾಗಿ. ಬ್ರಯೊನಿ ಮೂರು ಫೋಟೋ ತೆಗೆದಳು. ಸಾಕಾಯಿತು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಎರಡು ದೀಪಗಳು ಮೂಡಿದವು, ಯಾರೋ ಕಣ್ಣುಜ್ಜಿಕೊಂಡು ಏಳುತ್ತಿರುವ ಹಾಗೆ. ಗೇನರ್ ಸ್ಕಾರ್ಫು ಇಸಿದುಕೊಂಡು, ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು, ಕೋಟಿನ ಗುಂಡಿಗಳಿಗೆ ಕೈ ಹಾಕಿದಳು. ಕೈಗವಸು ತೊಟ್ಟ ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲ. ಈ ಮಂಜಿನಲ್ಲಿ ಬಸ್ಸಿನವನಿಗೆ ತಂಗುದಾಣ ಕಾಣುವುದೇ ಅನುಮಾನ. ಕೈ ತೋರಿಸದಿದ್ದರೆ ಹಾಗೇ ಹೊರಟುಹೋಗುತ್ತಾನೆ.

“ನೀನು ಗುಂಡಿ ಹಾಕ್ಕೋ,” ಎಂದ ಕೀತ್. ಪಾದಚಾರಿ ದಾರಿಯ ಅಂಚಿಗೆ ಹೋಗಿ ತೋಳನ್ನು ಉದ್ದಕ್ಕೆ ಚಾಚಿ ನಿಂತ. ಬಸ್ಸು ನಿಧಾನ ಮಾಡಿತು, ನಿಂತಿತು, ಬಾಗಿಲು ನಿಟ್ಟುಸಿರು ಬಿಟ್ಟು ತೆರೆದುಕೊಂಡಿತು. ಅವಳು ಕೊನೆಯ ಗುಂಡಿ ಹಾಕಿ ಮುಗಿಸುವವರೆಗೂ ಅವನು ಚಾಚಿದ ಕೈಯನ್ನು ಇಳಿಸಲಿಲ್ಲ.